ನೆರಳು ಆಚೆ ಬದಿಗಿದೆ

ಭಾವ ಹೋದ ತಿಂಗಳು ಬೆಂಗಳೂರಿನಿಂದ ಶ್ರೀನಗರಕ್ಕೆ ಕಾರಿನಲ್ಲೇ ಹೋಗಿ ಬಂದರು. ಮೊನ್ನೆ ಭಾನುವಾರ ನಮ್ಮನ್ನೆಲ್ಲ ಊಟಕ್ಕೆ ಕರೆದು, ಪಾಯಸ ಆದಮೇಲೆ ಟಿ.ವಿ.ಗೆ ಫೋನು ಜೋಡಿಸಿ ವಿಡಿಯೋ ಹಾಕಿದರು. ಜಮ್ಮು ದಾಟಿದ ಮೇಲೆ ಸಿಗುವ ಚೆನಾನಿ-ನಾಶ್ರಿ ಸುರಂಗ. 9 ಕಿಲೋಮೀಟರಿಗೂ ಜಾಸ್ತಿ ಉದ್ದ. ಅದನ್ನು ಈ ತುದಿಯಿಂದ ಆ ತುದಿಯವರೆಗೆ ಒಂದಿಷ್ಟೂ ಬಿಡದೆ ಅಕ್ಕನ ಕೈಯಲ್ಲಿ ವಿಡಿಯೋ ಮಾಡಿಸಿದ್ದಾರೆ. ನಾವು ಆರು ಜನ ಸೋಫಾದಲ್ಲಿ ಸಾಲಾಗಿ ಕೂತು ಹತ್ತು ನಿಮಿಷ ಗೋಡೆ ನೋಡಿದೆವು. ಹೊರಗಡೆ ಹಿಮಾಲಯ ಇತ್ತಂತೆ.

"ಏನು ರೋಡು ಅಂತೀಯಾ! ಬೆಣ್ಣೆ, ಬೆಣ್ಣೆ!" ಅಂದರು ಭಾವ.

ಎನ್‌ಎಚ್ 44. ಶ್ರೀನಗರದಿಂದ ಕನ್ಯಾಕುಮಾರಿಗೆ 3,700 ಕಿಲೋಮೀಟರಿಗೂ ಮೇಲೆ. ನಮ್ಮ ಪಾಲಿಗೆ ಅದು ಸುಮ್ನೆ ಬಾಗೇಪಲ್ಲಿ ರೋಡು. 2010ರಲ್ಲಿ ನಂಬರು ಬದಲಾಯಿಸಿದರು, ನಾನು ಬದಲಾಯಿಸಿಕೊಂಡಿಲ್ಲ, ಇವತ್ತಿಗೂ ಎನ್‌ಎಚ್ 7 ಅಂತಲೇ ಅನ್ನುತ್ತೇನೆ. ದೇಶ ನೋಡಬೇಕು ಅಂದರೆ ರೋಡಿನಲ್ಲೇ ನೋಡಬೇಕು ಅನ್ನುವುದು ಭಾವನ ಮಾತು. ಅದು ನಿಜವೇ ಅಂತ ಬರೆಯೋಣ ಅಂತಲೇ ಕೂತೆ. ಆದರೆ ಹೆದ್ದಾರಿ ಅಂದ ತಕ್ಷಣ ನನಗೆ ನೆನಪಾಗುವುದು ಪುಳಿಯೋಗರೆ.

ಮೂರು ವರ್ಷದ ಹಿಂದೆ, ಏಪ್ರಿಲ್. ಹೈದರಾಬಾದಿನಲ್ಲಿ ಚಿಕ್ಕಮ್ಮನ ಮಗನ ಗೃಹಪ್ರವೇಶ. ಅಮ್ಮ ನಾಲ್ಕಕ್ಕೇ ಎದ್ದು ಪುಳಿಯೋಗರೆ, ಮೊಸರನ್ನ ಮಾಡಿ ಸ್ಟೀಲ್ ಡಬ್ಬಿಗಳಿಗೆ ತುಂಬಿದಳು. ಬಾಳೆಲೆ ಒರೆಸಿ ಸುರುಳಿ ಸುತ್ತಿಟ್ಟಳು. ಹೊರಟದ್ದು ಮಾತ್ರ ಎಂಟಕ್ಕೆ. ಹೋಟೆಲಿನ ಮಾತೇ ಎತ್ತುವ ಹಾಗಿಲ್ಲ. ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಬೇಕು, ಅಮ್ಮನ ಲೆಕ್ಕದಲ್ಲಿ ಪ್ರಯಾಣ ಅಂದರೆ ಅಷ್ಟೇ. ಆ ನೆರಳಲ್ಲಿ ಇರುವೆ ಇರಬಾರದು. ಕೈ ತೊಳೆದ ನೀರು ಹರಿದು ಹೋಗಬೇಕು. ಹೋಗೋ ಬರೋರ ಕಣ್ಣು ಎಲೆ ಮೇಲೆ ಬೀಳಬಾರದು.

ಪೆನುಕೊಂಡ ದಾಟಿದಾಗ ಹನ್ನೊಂದು. "ಇಷ್ಟು ಬೇಗ ಯಾರು ಉಣ್ತಾರೆ" ಅಂದಳು. ಅನಂತಪುರ ದಾಟಿದ ಮೇಲೆ ಎಲ್ಲರಿಗೂ ಹಸಿವು. ಮರ ಇಲ್ಲ. ನಾನು ಚಿಕ್ಕವನಿದ್ದಾಗ ಹೆದ್ದಾರಿ ಅಂದರೆ ಎರಡೂ ಕಡೆ ಹುಣಸೆ ಮರ, ಕಾಂಡಕ್ಕೆ ಸುಣ್ಣ-ಕೆಮ್ಮಣ್ಣಿನ ಪಟ್ಟಿ. ಈಗ ಇರುವುದು ಡಿವೈಡರಿನ ಕಣಗಿಲೆ. ಹೂ ಏನೋ ಚೆಂದ. ನೆರಳು ಕೋಳಿಗೆ ಸಾಲದು.

ಅಷ್ಟರಲ್ಲಿ ಬೆಟ್ಟದ ಮೇಲೆ ಗುತ್ತಿ ಕೋಟೆ ಕಾಣಿಸಿತು. ನಾನು ಉತ್ಸಾಹದಿಂದ ತೋರಿಸಿದೆ. "ಅಲ್ಲಿ ಮರ ಇದೆಯಾ ನೋಡು" ಅಂದಳು ಅಮ್ಮ.

ಕೊನೆಗೂ ಒಂದು ಬೇವಿನ ಮರ ಸಿಕ್ಕಿತು. ಕೆಳಗೆ ಕಲ್ಲುಬೆಂಚು ಬೇರೆ. ಆದರೆ ರಸ್ತೆಯ ಆಚೆ ಬದಿ. ಎಷ್ಟೋ ದೂರ ಮುಂದೆ ಹೋಗಿ ಯೂ-ಟರ್ನ್ ಹೊಡೆದು ವಾಪಸ್ ಬಂದೆವು. ಅಷ್ಟು ಹೊತ್ತಿಗೆ ಮರದ ಕೆಳಗೆ ಲಾರಿ ನಿಂತಿತ್ತು. ಡ್ರೈವರು ಬೆಂಚಿನ ಮೇಲೆ ಟವೆಲ್ ಹಾಸಿಕೊಂಡು ನಿದ್ದೆ ಹೋಗಿದ್ದ. "ಪಾಪ, ಹಾರ್ನ್ ಮಾಡಬೇಡ" ಅಂದಳು ಅಮ್ಮ. ಮತ್ತೆ ಯೂ-ಟರ್ನ್.

"ಕಾರಲ್ಲೇ ಉಂಡುಬಿಡೋಣ್ವಾ ಅತ್ತೆ?" ಅಂದಳು ನನ್ನ ಹೆಂಡತಿ, ಮೆಲ್ಲಗೆ.

"ಕಾರಲ್ಲಿ ಎಂಜಲಾ?"

ಅಶೋಕನು ಸಾಲುಮರಗಳನ್ನು ನೆಡಿಸಿದನು ಅಂತ ಬರೆದು ಎರಡು ಮಾರ್ಕ್ಸ್ ತಗೊಂಡವರು ನಾವೆಲ್ಲ. ಆ ಕ್ಲಾಸಿನಲ್ಲಿ ಕೂತಿದ್ದವರೇ ಅಲ್ವಾ ಮುಂದೆ ರಸ್ತೆ ಎಂಜಿನಿಯರುಗಳಾದದ್ದು? ಹುಲಿಕಲ್-ಕುದೂರು ನಡುವೆ ತಿಮ್ಮಕ್ಕ ಕೊಡದಲ್ಲಿ ನೀರು ಹೊತ್ತು ಸಾಕಿದ ಆಲದ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಕುತ್ತು ಬಂದಿತ್ತು. ನೂರು ದಾಟಿದ ಆಕೆಯೇ ಮುಖ್ಯಮಂತ್ರಿಗೆ ಮೊರೆಯಿಡಬೇಕಾಯಿತು. ಇನ್ನು ಇದೇ ಎನ್‌ಎಚ್ 44ರಲ್ಲಿ, ನಾಗಪುರ ದಾಟಿ ಸಿವನಿ ಕಡೆ ಹೋಗುವಾಗ, ಪೆಂಚ್ ಕಾಡಿನ ಹತ್ತಿರ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಪ್ರಾಣಿಗಳು ಕೆಳಗಿಂದ ದಾಟಲಿ ಅಂತ. ಹುಲಿಗಳು ಹಾಗೆ ದಾಟುವುದು ಕ್ಯಾಮೆರಾಗಳಲ್ಲಿ ಸಿಕ್ಕಿದೆ. ಒಳ್ಳೆಯ ಕೆಲಸವೇ, ನನ್ನದೇನೂ ತಕರಾರಿಲ್ಲ. ಹುಲಿಗೆ ನೆರಳಿದೆ. ನಮ್ಮಮ್ಮನಿಗಿಲ್ಲ.

"ಪೆಂಚ್ ಹತ್ರ ನಿಲ್ಲಿಸಿದ್ರಾ ಭಾವ?" ಅಂತ ಮೊನ್ನೆ ಕೇಳಿದೆ.

"ನಿಲ್ಲಿಸೋದಾ? ಅಂಥ ರೋಡಲ್ಲಿ ಯಾರಾದ್ರೂ ನಿಲ್ಲಿಸ್ತಾರೇನೋ?"

ಕೊನೆಗೆ ನಾವು ಉಂಡದ್ದು ಎರಡೂಮುಕ್ಕಾಲಿಗೆ, ಡೋಣ್ ಹತ್ತಿರ, ಹೆದ್ದಾರಿಯ ಅಡಿಯಲ್ಲಿ. ಹಳ್ಳಿಯವರು ಆಚೀಚೆ ದಾಟಲು ಮಾಡಿದ ಅಂಡರ್‌ಪಾಸ್. ಒಳಗೆ ತಂಪು, ಈ ಬದಿಯಿಂದ ಆ ಬದಿಗೆ ಗಾಳಿ. ಮೇಲೆ ಲಾರಿ ಹೋದಾಗಲೆಲ್ಲ ಗುಡುಗಿದ ಹಾಗೆ ಸದ್ದು. ಕುರಿ ಕಾಯುವ ತಾತ ಒಬ್ಬರು ಮೊದಲೇ ಜಾಗ ಹಿಡಿದಿದ್ದರು, ಅವರ ಕುರಿಗಳೂ. ಇರುವೆ ಧಾರಾಳವಾಗಿದ್ದವು. ಅಮ್ಮ ಯಾವ ಷರತ್ತನ್ನೂ ನೆನೆಸಿಕೊಳ್ಳಲಿಲ್ಲ. ಎಲೆ ಹಾಸಿ, ತಾತನಿಗೂ ಒಂದು ಎಲೆ ಹಾಕಿದಳು. ಅವರು ಒಂದು ತುತ್ತು ಬಾಯಿಗಿಟ್ಟು, ತಲೆಯಾಡಿಸಿ, ತೆಲುಗಿನಲ್ಲಿ ಏನೋ ಅಂದರು. ನಮಗೆ ತಿಳಿದದ್ದು ಅದರಲ್ಲಿ 'ಉಪ್ಪು' ಒಂದೇ.

ಜಾಸ್ತಿ ಅಂದರೋ, ಕಮ್ಮಿ ಅಂದರೋ, ಸರಿಯಾಗಿದೆ ಅಂದರೋ? ಕಾರು ಹತ್ತಿದ ಮೇಲೆ ಅಮ್ಮ ಇದನ್ನೇ ಹಿಡಿದುಕೊಂಡಳು. ಹೆಂಡತಿ ಕಮ್ಮಿ ಅಂದಳು, ನಾನು ಸರಿಯಾಗಿದೆ ಅಂದೆ, ಜಗಳ ಜೋರಾಯಿತು. ಕರ್ನೂಲಿನಲ್ಲಿ ತುಂಗಭದ್ರೆ ದಾಟಿದ್ದು ಯಾರಿಗೂ ಗೊತ್ತಾಗಲೇ ಇಲ್ಲ.