ಮತ್ತೆ ಅದೇ ಪಿರಮಿಡ್ಡು

ಇವತ್ತು ಆಫೀಸಿನಲ್ಲಿ ಟ್ರೇನಿಂಗ್. ವಿಷಯ: ಉದ್ಯೋಗಿಗಳಲ್ಲಿ ಹುರುಪು ತುಂಬುವುದು ಹೇಗೆ. ಎರಡನೇ ಸ್ಲೈಡಿಗೇ ಬಂತು ನೋಡಿ, ಮ್ಯಾಸ್ಲೋ ಪಿರಮಿಡ್ಡು! ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಸ್ಲೋ ಹೇಳಿದ ಮನುಷ್ಯನ ಅಗತ್ಯಗಳನ್ನು ಮಹಡಿ ಮಹಡಿಯಾಗಿ ಜೋಡಿಸಿದ ಚಿತ್ರ. ಬುಡದಲ್ಲಿ ಅನ್ನ, ನಿದ್ದೆ. ಅದರ ಮೇಲೆ ಭದ್ರತೆ, ಒಡನಾಟ, ಗೌರವ. ತುತ್ತತುದಿಯಲ್ಲಿ ಆತ್ಮಸಾಕ್ಷಾತ್ಕಾರ, ಅಂದರೆ ತನ್ನೊಳಗಿನ ಶಕ್ತಿಯನ್ನೆಲ್ಲ ಹೊರತಂದು ತಾನು ಏನಾಗಬಲ್ಲೆನೋ ಅದಾಗುವುದು. ನಾನು ಇಂಥ ಕಡೆ ಬಾಯಿ ಮುಚ್ಚಿಕೊಂಡು ಕೂರುವವಳಲ್ಲ ಅಂತ ನಿಮಗೆ ಗೊತ್ತು. ಇವತ್ತು ಕೂತೆ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ಮ್ಯಾಸ್ಲೋ ಈ ಅಗತ್ಯಗಳ ಬಗ್ಗೆ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ಡೇ ಇಲ್ಲ ಮಾರಾಯ್ರೆ. ಆ ಚಿತ್ರ ಬಿಡಿಸಿದ್ದು ಆಮೇಲೆ ಬಂದ ಮ್ಯಾನೇಜ್‌ಮೆಂಟ್ ಮಂದಿ. ಒಂದು ಅಗತ್ಯ ಪೂರ್ತಿ ತೀರಿದ ಮೇಲೇ ಇನ್ನೊಂದು ತಲೆ ಎತ್ತುತ್ತದೆ ಅಂದುಕೊಳ್ಳಬೇಡಿ, ಎಲ್ಲರಿಗೂ ಎಲ್ಲವೂ ಅರೆಬರೆಯೇ ತೀರಿರುತ್ತದೆ ಅಂತ ಆ ಪುಣ್ಯಾತ್ಮನೇ ಹೇಳಿದ್ದಾನೆ. ನಮ್ಮವರಿಗೆ ಮಾತ್ರ ಸಂಬಳ ಕೊಟ್ಟರೆ ಒಂದು ಮಹಡಿ ಮುಗೀತು, ವಿಮೆ ಮಾಡಿಸಿದರೆ ಎರಡನೆಯದೂ ಮುಗೀತು. ಗೌರವದ ಸರದಿ ಯಾವಾಗಲೂ ಮುಂದಿನ ವರ್ಷ.

ಇಷ್ಟು ಹೊತ್ತು ಮನುಷ್ಯನ ಅಗತ್ಯಗಳ ಬಗ್ಗೆ ಮಾತಾಡಿದವರು ಎದುರಿಗೆ ಕೂತ ಒಬ್ಬರನ್ನಾದರೂ "ನಿಮಗೇನು ಬೇಕು?" ಅಂತ ಕೇಳಿದರಾ? ಇಲ್ಲ.

ಹರ್ಜ್‌ಬರ್ಗ್ ಅಂತ ಇನ್ನೊಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞ ಕೇಳಿದ್ದ. ಪಿಟ್ಸ್‌ಬರ್ಗಿನ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕೂರಿಸಿಕೊಂಡು, ಕೆಲಸದಲ್ಲಿ ಯಾವಾಗ ತುಂಬಾ ಖುಷಿಯಾಗಿತ್ತು, ಯಾವಾಗ ಬೇಡವೇ ಬೇಡ ಅನ್ನಿಸಿತ್ತು ಅಂತ ಕೇಳಿದ. 1959ರಲ್ಲಿ ಪ್ರಕಟವಾದ ಉತ್ತರ: ಬೇಸರ ಹುಟ್ಟಿಸುವುದು ಕಂಪನಿಯ ನಿಯಮ, ಮೇಲಧಿಕಾರಿ, ಸಂಬಳದಂಥವು, ಖುಷಿ ಕೊಡುವುದು ಸಾಧಿಸಿದ ಕೆಲಸ, ಅದನ್ನು ಯಾರಾದರೂ ಗುರುತಿಸಿದ್ದು, ಕೈಗೆ ಬಂದ ಜವಾಬ್ದಾರಿ. ಅಂದರೆ ಬೇಸರ ಹೋಗಲಾಡಿಸಿದ ಮಾತ್ರಕ್ಕೆ ಉತ್ಸಾಹ ಬರುವುದಿಲ್ಲ. ಗೆದ್ದರೆ ನಾನು, ಸೋತರೆ ಬಾಸು ಅನ್ನುವುದು ಮನುಷ್ಯ ಸ್ವಭಾವ, ಆ ಉತ್ತರಗಳನ್ನು ನಂಬೋದು ಹೇಗೆ ಅಂತ ತಕರಾರು ತೆಗೆದವರೂ ಇದ್ದಾರೆ. ಇರಲಿ ಬಿಡಿ. ಅವನು ಕೇಳಿಯಾದರೂ ಕೇಳಿದನಲ್ಲ!

ಒಂದು ಗುಟ್ಟು ಹೇಳಲಾ? ಹಿಂದಿನ ಕೆಲಸವನ್ನು ನಾನು ಬಿಟ್ಟದ್ದು ಸಂಬಳಕ್ಕಲ್ಲ. ರಾತ್ರಿಯೆಲ್ಲ ಕೂತು ತಯಾರಿಸಿದ ವರದಿಯನ್ನು ನಮ್ಮ ಮ್ಯಾನೇಜರ್ ನನ್ನೆದುರೇ ತನ್ನದೆಂದು ಮಂಡಿಸಿದರು. ಬಾತ್‌ರೂಮಿಗೆ ಹೋಗಿ ಅತ್ತೆ. ಬಿಡುವಾಗ ಕೊಟ್ಟ ಫಾರಂನಲ್ಲಿ "ಉತ್ತಮ ಸಂಬಳಕ್ಕಾಗಿ" ಅಂತ ಬರೆದೆ. ನಿಮಗೆಲ್ಲ ಹೇಳಿದ್ದೂ ಅದನ್ನೇ. ಹೋಗುವವರು ಮನಸ್ಸು ಬಿಚ್ಚಿ ಬರೆಯುತ್ತಾರಾ? ಆ ಫಾರಂ ನೋಡಿಕೊಂಡು ಎಚ್‌ಆರ್‌ನವರು "ಜನಕ್ಕೆ ದುಡ್ಡೇ ಮುಖ್ಯ" ಅಂತ ತೀರ್ಮಾನಿಸುತ್ತಾರೆ. ಇದ್ದಾಗ ಕೇಳದವರು ಹೋಗುವಾಗ ಕೇಳಿದರೆ ಸಿಗುವುದು ಇಂಥದ್ದೇ.

"ಹಾಗಾದ್ರೆ ಸಂಬಳ ಬೇಡ್ವಾ?" ಅಂತ ಕಾಲೆಳೆಯಲು ಕಾಯುತ್ತಿರುವವರಿಗೆ: ಬೇಕು ಸ್ವಾಮಿ, ಒಂದನೇ ತಾರೀಖಿಗೇ ಬೇಕು. ಅದು ಸರಿಯಾಗಿ ಬಂದರೆ ನನ್ನ ಗೊಣಗಾಟ ನಿಲ್ಲುತ್ತದೆ. ಮೀಟಿಂಗಿನಲ್ಲಿ ನನಗೆ ಹೊಳೆದದ್ದನ್ನು ಬಾಯಿಬಿಟ್ಟು ಹೇಳಬೇಕು ಅನ್ನಿಸಲು ಮಾತ್ರ ಅದಷ್ಟೇ ಸಾಲದು.