ನೆಗಡಿಗೆ ಮೂಗು, ಕಲಬೆರಕೆಗೆ ಜೇನು

2025ರ ಸೆಪ್ಟೆಂಬರಿನಲ್ಲಿ ಜಗತ್ತಿನ ಮೂಲೆಮೂಲೆಗಳ ಜೇನುಕೃಷಿಕರು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ನೆರೆದರು. ಅಪಿಮೊಂಡಿಯಾ ಎಂಬ ಅಂತರರಾಷ್ಟ್ರೀಯ ಒಕ್ಕೂಟದ 49ನೆಯ ಮಹಾಧಿವೇಶನವದು. 1897ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಬಾರಿಗೆ ಸೇರಿದ ಈ ಪರಂಪರೆಗೆ ಅಧಿವೇಶನದ ಜೊತೆಜೊತೆಗೇ ವಿಶ್ವಮಟ್ಟದ ಪ್ರಶಸ್ತಿ ಸ್ಪರ್ಧೆಯನ್ನು ನಡೆಸುವ ವಾಡಿಕೆಯೂ ಇದೆ. ಆದರೆ ಈ ಬಾರಿಯ ಸ್ಪರ್ಧೆಯಲ್ಲಿ ಜೇನಿಗೆ ಮಾತ್ರ ಪ್ರವೇಶವಿರಲಿಲ್ಲ. ಜೇನಿನಲ್ಲಿ ಕಲಬೆರಕೆ ಇದೆಯೋ ಇಲ್ಲವೋ ಎಂಬುದನ್ನು ಪೂರ್ತಿಯಾಗಿ ಪರೀಕ್ಷಿಸಲು ತಮ್ಮಿಂದ ಆಗದು, ಆದ್ದರಿಂದ ಆ ವಿಭಾಗವನ್ನೇ ಕೈಬಿಡುತ್ತೇವೆ ಎಂದು ವ್ಯವಸ್ಥಾಪಕರು 2024ರಲ್ಲೇ ತಿಳಿಸಿದ್ದರು. ಅಧಿವೇಶನದಲ್ಲಿ ಜೇನನ್ನು ನಾನಾ ರೀತಿಯಲ್ಲಿ ಸಂಭ್ರಮಿಸುತ್ತೇವೆ ಎಂಬ ಸಮಾಧಾನವೂ ಅದರೊಡನೆ ಇತ್ತು. ಉತ್ಸವಮೂರ್ತಿಯನ್ನು ಗರ್ಭಗುಡಿಯೊಳಗೇ ಬಿಟ್ಟು ತೇರೆಳೆಯುವುದಕ್ಕೂ ಒಂದು ಭಕ್ತಿ ಬೇಕು.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನ ಕತೆ ನಮ್ಮಲ್ಲಿ ಗಾದೆಯಾಗಿ ಮಾತ್ರ ಉಳಿದಿತ್ತು. ಅದನ್ನು ನೀತಿಯಾಗಿ ಜಾರಿಗೆ ತಂದ ಕೀರ್ತಿ ಈ ಒಕ್ಕೂಟಕ್ಕೆ ಸಲ್ಲಬೇಕು. ಹಾಗೆಂದು ನೆಗಡಿ ಸುಳ್ಳೇನಲ್ಲ. 2019ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇದೇ ಸ್ಪರ್ಧೆ ನಡೆದಾಗ, ಬಂದ ಜೇನಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ಪ್ರಯೋಗಾಲಯದ ವರದಿಯನ್ನು ನೋಡಿ ಹೊರಗಿಡಬೇಕಾಯಿತು. ಅಂಗಡಿಯ ಜೇನು ಹೀಗಿದ್ದರೆ ಸಗಟು ವ್ಯಾಪಾರಿಯನ್ನು ದೂರಬಹುದು, ಸೂಪರ್‌ಮಾರ್ಕೆಟ್ಟನ್ನು ಶಪಿಸಬಹುದು. ಆದರೆ ಇದು ತನ್ನ ಜೇನು ಜಗತ್ತಿನಲ್ಲೇ ಶ್ರೇಷ್ಠವೆಂದು ನಂಬಿ, ಅರ್ಜಿ ತುಂಬಿ, ಶುಲ್ಕ ಕಟ್ಟಿ, ಸಮುದ್ರ ದಾಟಿಸಿ ಕಳಿಸಿದ ಜೇನು! ಬಹುಮಾನಕ್ಕೆಂದು ಆರಿಸಿ ತೆಗೆದ ಸೀಸೆಯ ಪಾಡೇ ಹೀಗಾದರೆ, ಮಾರಾಟಕ್ಕೆಂದು ಇಟ್ಟ ಪೀಪಾಯಿಯ ಪಾಡನ್ನು ಯಾರೂ ಕೇಳಬಾರದು. ಕೇಳಿದವರೂ ಇದ್ದಾರೆನ್ನಿ: ಹೊರದೇಶಗಳಿಂದ ಬಂದ ಜೇನಿನ 320 ಮಾದರಿಗಳನ್ನು ಯುರೋಪಿಯನ್ ಒಕ್ಕೂಟವು ತಪಾಸಣೆ ಮಾಡಿಸಿದಾಗ 147 ಅನುಮಾನಾಸ್ಪದವೆಂದು ಕಂಡುಬಂದವು. ಆ ವರದಿ 2023ರಲ್ಲಿ ಹೊರಬಿತ್ತು.

ಸಕ್ಕರೆ ಪಾಕವನ್ನು ಹಿಡಿಯುವುದು ಅಷ್ಟು ಕಷ್ಟವೇ ಎಂದು ಕೇಳುವವರು ಪಾಕಶಾಸ್ತ್ರದ ಪ್ರಗತಿಯನ್ನು ಅರಿಯದವರು. ಕಬ್ಬು ಮತ್ತು ಮೆಕ್ಕೆಜೋಳಗಳ ಸಕ್ಕರೆಯಲ್ಲಿರುವ ಇಂಗಾಲದ ಗುರುತು ಹೂವಿನ ಮಕರಂದದ ಗುರುತಿಗಿಂತ ಬೇರೆ. ಆ ವ್ಯತ್ಯಾಸವನ್ನು ಹಿಡಿಯುವ ಪರೀಕ್ಷೆ ಬಂದೊಡನೆ, ಪಾಕದವರು ಮಕರಂದದ ಗುರುತಿಗೆ ಹತ್ತಿರವಾದ ಅಕ್ಕಿ ಮತ್ತು ಬೀಟ್ ಸಕ್ಕರೆಗಳಿಗೆ ಬದಲಾಯಿಸಿಕೊಂಡರು. ಜೇನಿನ ಅಣುಗಳನ್ನು ಗೆರೆಗಳ ನಕ್ಷೆಯಾಗಿ ತೋರಿಸಿ ಅದನ್ನೂ ಪತ್ತೆ ಮಾಡುವ ಎನ್‌ಎಂಆರ್ ಯಂತ್ರ ಬಂದ ಮೇಲೆ, ಯಾವ ಪರೀಕ್ಷೆಯನ್ನು ಬೇಕಾದರೂ ದಾಟಿಸಿಕೊಡುತ್ತೇವೆಂಬ ಭರವಸೆಯೊಂದಿಗೇ ಪಾಕ ಮಾರಾಟಕ್ಕೆ ಬಂತು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಬ್ರ್ಯಾಂಡುಗಳ ಜೇನನ್ನು ಜರ್ಮನಿಗೆ ಕಳಿಸಿ ಪರೀಕ್ಷಿಸಿದಾಗ ತೇರ್ಗಡೆಯಾದವು ಮೂರೇ. ಅದೇ ವರ್ಷ ಅಮೆರಿಕಕ್ಕೆ ರಫ್ತಾಗುವ ಜೇನಿಗೆ ಎನ್‌ಎಂಆರ್ ಪರೀಕ್ಷೆ ಕಡ್ಡಾಯವಾಯಿತು, ಮನೆಯವರು ತಿನ್ನುವ ಜೇನಿಗೆ ಆಗಲಿಲ್ಲ. ಅತಿಥಿಗಳಿಗೆ ಬೆಳ್ಳಿ ಲೋಟವನ್ನು ಕೊಟ್ಟು ಮಕ್ಕಳಿಗೆ ಸ್ಟೀಲು ಲೋಟ ಕೊಡುವ ಸಂಸ್ಕೃತಿ ನಮ್ಮದು, ಅದರಲ್ಲಿ ಆಶ್ಚರ್ಯಪಡುವಂಥದ್ದು ಇಲ್ಲ.

ಈ ಸಂಕಟಕ್ಕೆ ಪರಿಹಾರವನ್ನು ಅರಿಯಲು ವ್ಯವಸ್ಥಾಪಕರು ಇಂಗ್ಲೆಂಡಿನತ್ತ ನೋಡಬೇಕಿತ್ತು. ಅಲ್ಲಿನ ರಾಷ್ಟ್ರೀಯ ಜೇನು ಪ್ರದರ್ಶನ 1923ರಿಂದ ನಡೆದುಕೊಂಡು ಬಂದಿದೆ. ಈಚಿನ ವರ್ಷಗಳಲ್ಲಿ ಅದು ಸರ್ರೆ ಸೀಮೆಯ ಸ್ಯಾಂಡೌನ್ ಪಾರ್ಕ್ ಎಂಬ ಕುದುರೆ ರೇಸಿನ ಮೈದಾನದಲ್ಲಿ ಸೇರುತ್ತದೆ. ಅಲ್ಲಿ ಬಿಳಿ ಕೋಟು ತೊಟ್ಟ ತೀರ್ಪುಗಾರರು ಶಸ್ತ್ರಚಿಕಿತ್ಸೆಗೆ ಹೊರಟವರಂತೆ ಗಂಭೀರವಾಗಿ ಮೇಜುಗಳ ನಡುವೆ ಸುಳಿಯುತ್ತಾರೆ. ಸ್ಪರ್ಧಿಯು 454 ಗ್ರಾಮಿನ ಎರಡು ಸೀಸೆಗಳನ್ನು ತರಬೇಕು. ಅವೆರಡೂ ಅವಳಿಗಳಂತೆ ಇರಬೇಕು. ಗಾಜಿನಲ್ಲಿ ಗೀರಾಗಲಿ ಬೆರಳಿನ ಗುರುತಾಗಲಿ ಕೂಡದು. ಜೇನಿನ ಮಟ್ಟಕ್ಕೂ ಮುಚ್ಚಳದ ಅಂಚಿಗೂ ನಡುವೆ ಬೆಳಕು ಇಣುಕುವಂತಿಲ್ಲ. ಬಣ್ಣ ಯಾವ ದರ್ಜೆಗೆ ಸೇರುವುದೆಂದು ನಿಗದಿತ ಬಣ್ಣದ ಗಾಜಿಗೆ ಹಿಡಿದು ನೋಡುತ್ತಾರೆ, ಆಮೇಲೆ ಟಾರ್ಚು ಬಿಟ್ಟು ಒಳಗೆ ತೇಲುವ ನೂಲಿನ ಎಳೆಯನ್ನೋ ಗಾಳಿಗುಳ್ಳೆಯನ್ನೋ ಹುಡುಕುತ್ತಾರೆ. ನೊಣವೊಂದು ತನ್ನ ಜೀವಮಾನವಿಡೀ ಹಾರಾಡಿ ಕೂಡಿಡುವುದು ಚಹಾ ಚಮಚದ ಹನ್ನೆರಡನೆಯ ಒಂದು ಭಾಗ. ಅಂಥ ಸಾವಿರಕ್ಕೂ ಮೀರಿದ ಜೀವಮಾನಗಳು ಸೋಸುಬಟ್ಟೆಯ ಒಂದು ಎಳೆಯಿಂದಾಗಿ ಮೂರನೆಯ ಸ್ಥಾನಕ್ಕೆ ಇಳಿಯುತ್ತವೆ. ಮೇಣದ ಬತ್ತಿಗಳ ವಿಭಾಗದಲ್ಲಿ ಒಂದನ್ನು ಉರಿಸಿ ನೋಡುತ್ತಾರೆ. ಜೇನಿನ ಕೇಕನ್ನು ಅವರೇ ಕೊಟ್ಟ ಪಾಕವಿಧಾನದಂತೆ ಬೇಯಿಸಬೇಕು. ರುಚಿಯನ್ನೂ ನೋಡುತ್ತಾರೆ, ಸುಳ್ಳು ಹೇಳಬಾರದು. ಆದರೆ ರುಚಿ ನೋಡುವ ಹೊತ್ತಿಗೆ ಕೆಲವು ಸೀಸೆಗಳು ಗಾಜಿನ ಕಾರಣಕ್ಕೇ ಸೋತು ಬದಿಗೆ ಸರಿದಿರುತ್ತವೆ.

ಕೊಡಗಿನ ಕಾಫಿ ತೋಟದ ಅಂಚಿನಲ್ಲಿ ತುಡುವೆ ಎಂಬ ನಾಡಜೇನಿನ ಪೆಟ್ಟಿಗೆಗಳನ್ನು ಇಟ್ಟುಕೊಂಡ ಕೃಷಿಕನೊಬ್ಬ ಹಳೆಯ ಬಾಟಲಿಗೆ ಜೇನು ಸುರಿದು ಅಲ್ಲಿಗೆ ಹೋದನೆಂದು ಭಾವಿಸಿ. ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿಹಾಕಿದಾಗ ಖಾಲಿ ಪೆಟ್ಟಿಗೆಗಳನ್ನು ಕಂಡವನು, ಮತ್ತೆ ಒಂದೊಂದೇ ಕುಟುಂಬವನ್ನು ಹಿಡಿದು ತಂದು ಕೂರಿಸಿದವನು. ಅವನ ಜೇನಿಗೆ ಯಾವ ಪ್ರಯೋಗಾಲಯವೂ ತಕರಾರು ತೆಗೆಯಲಾರದು. ಆದರೂ ಬಾಟಲಿಯ ಕತ್ತು ಉದ್ದವಾದ ಕಾರಣ ಬಾಗಿಲಲ್ಲೇ ತಿರಸ್ಕೃತನಾಗುತ್ತಾನೆ. ಒಂದೆಡೆ ಜೇನಿನ ನಿಜವನ್ನು ತಿಳಿಯಲಾರದ್ದರಿಂದ ಜೇನನ್ನೇ ಕೈಬಿಟ್ಟರು, ಇನ್ನೊಂದೆಡೆ ಗಾಜಿನ ನಿಜ ತಿಳಿಯುವುದರಿಂದ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಎರಡೂ ಪಕ್ಷದವರು ಒಮ್ಮೆ ಕುಳಿತು ಮಾತಾಡಿದರೆ ಸಾಕು, ಜೋಡಣೆ ಸುಲಭ. ಮುಂದಿನ ಅಧಿವೇಶನದಲ್ಲಿ ಬರಿದಾದ ಸೀಸೆಗಳ ವಿಭಾಗವೊಂದನ್ನು ತೆರೆಯಲಿ. ಅವಳಿ ಸೀಸೆ, ಹೊಳೆಯುವ ಮುಚ್ಚಳ, ನೆಟ್ಟಗೆ ಅಂಟಿಸಿದ ಚೀಟಿ. ಒಳಗೆ ಗುಳ್ಳೆಯಿಲ್ಲ, ಎಳೆಯಿಲ್ಲ, ಹೆಚ್ಚಿನ ತೇವಾಂಶವಿಲ್ಲ, ಅಕ್ಕಿ ಪಾಕವಂತೂ ಇಲ್ಲವೇ ಇಲ್ಲ. ಎನ್‌ಎಂಆರ್ ಯಂತ್ರದಲ್ಲಿ ಹಾಕಿದರೂ ಒಂದು ಗೆರೆ ಅಲುಗದು. ಅಂಕಪಟ್ಟಿಯಲ್ಲಿ ಉಳಿಯುವ ತೊಡಕು ಒಂದೇ: ಮುಚ್ಚಳ ತೆಗೆದ ಗಳಿಗೆಯಲ್ಲಿ ತೀರ್ಪುಗಾರರು ಸೀಸೆಯನ್ನು ಹತ್ತಿರಕ್ಕೆ ತಂದು ಪರಿಮಳ ನೋಡುವ ಪದ್ಧತಿಯಿದೆ. ಮೂಗು ಹೇಗೂ ಕೋಪನ್‌ಹೇಗನ್ನಿನಲ್ಲೇ ಹೋಗಿದೆಯಾದ್ದರಿಂದ, ಆ ಅಂಕಗಳನ್ನು ಎಲ್ಲರಿಗೂ ಸಮನಾಗಿ ಹಂಚಬಹುದು.