ಚಕ್ಕೆ ಕಳ್ಳರು

ನಮ್ಮ ಮಲೆನಾಡಿನ ತೋಟಕ್ಕೆ ಕಾಡುಗಲ್ಲಿನ ಪಾಗಾರವೇ ಕಾವಲು. ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಹಂಪಿಯ ಕೋಟೆಗೋಡೆಯ ದೊಡ್ಡ ಕಲ್ಲುಗಳ ನಡುವೆಯೂ ಗಾರೆಯಿಲ್ಲ. ಅವು ಶತಮಾನಗಳಿಂದ ನಿಂತಿವೆ. ನಮ್ಮ ಪಾಗಾರಕ್ಕೆ ಆಷಾಢ ದಾಟುವುದೇ ಕಷ್ಟ.

ಈ ಸಲವೂ ಬಿತ್ತು. ಆ ಸಂದಿಯಿಂದ ನೆರೆಮನೆಯ ದನ ನುಗ್ಗಿ ಎಳೆಯ ಬಾಳೆಗಿಡಗಳನ್ನು ಮೇಯ್ದು, ಬಂದ ದಾರಿಯಲ್ಲೇ ಗಂಭೀರವಾಗಿ ಹಿಂದಿರುಗಿತು. ಕರೆಸಿದ ಮುದುಕ ಮೇಸ್ತ್ರಿ ಬಿದ್ದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದ್ದು ಒಂದೇ ಮಾತು: "ಅಯ್ಯಾ, ಚಕ್ಕೆಗಳೆಲ್ಲ ಎಲ್ಲಿ?"

ಪಾಗಾರದಲ್ಲಿ ನೋಡುವವರ ಕಣ್ಣಿಗೆ ಬೀಳುವುದು ದೊಡ್ಡ ಕಲ್ಲು. ಅದನ್ನು ಅಲುಗದಂತೆ ಹಿಡಿಯುವುದು ಅಡಿಗೆ ಸಿಕ್ಕಿಸಿದ ಅಂಗೈಯಗಲದ ಚಪ್ಪಟೆ ಚಕ್ಕೆ. ಲಗೋರಿಗೂ ಬೇಕಾದದ್ದು ಸರಿಯಾಗಿ ಅಂಥದ್ದೇ, ಅದೂ ಏಳು! ಬೇಸಿಗೆ ರಜೆಗೆ ಬಂದಿದ್ದ ತಮ್ಮನ ಮಕ್ಕಳು ಹಲಸಿನ ಮರದಡಿ ಇಟ್ಟಿದ್ದ ದಾಸ್ತಾನು ನೋಡಿದರೆ ಊರಿಗೆಲ್ಲ ಪಂದ್ಯ ಏರ್ಪಡಿಸುವಂತಿತ್ತು.

"ಸಿಮೆಂಟು ಮೆತ್ತಿಸು, ತಲೆನೋವು ತಪ್ಪುತ್ತದೆ" ಎಂದರು ಭಾವ. ಅವರು ಹೋದ ವರ್ಷ ಮೆತ್ತಿಸಿದ್ದರು. ಬಿಡಿಗಲ್ಲಿನ ಪಾಗಾರವಾದರೆ ಹಿಂದಿನ ದರೆಯ ನೀರು ಸಂದುಗಳಲ್ಲಿ ಸೋರಿಹೋಗುತ್ತದೆ. ಭಾವನ ಗೋಡೆಗೆ ನೀರು ಹೋಗಲು ಒಂದು ತೂತೂ ಇರಲಿಲ್ಲ. ಅದು ತುಂಬು ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತು, ಒಂದು ರಾತ್ರಿ ಇಡಿಯಾಗಿ ಅಡಿಕೆ ಸಸಿಗಳ ಮೇಲೆ ಮಲಗಿತು. ನಮ್ಮದು ಬಿದ್ದರೆ ಕಲ್ಲಾದರೂ ಮರಳಿ ಸಿಗುತ್ತದೆ. ಅವರದನ್ನು ಒಡೆಯಲು ಸುತ್ತಿಗೆಯ ಆಳುಗಳು ಬರಬೇಕಾಯಿತು. ಸಲಹೆ ಕೊಡುವ ಉತ್ಸಾಹ ಮಾತ್ರ ಕುಸಿದಿಲ್ಲ.

ಮೇಸ್ತ್ರಿಯವರನ್ನು ಹುರಿದುಂಬಿಸೋಣವೆಂದು, ಗಾರೆಯಿಲ್ಲದೆ ಕಲ್ಲು ಕಟ್ಟುವ ಕಲೆಯನ್ನು 2018ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ, ಇಟಲಿ, ಗ್ರೀಸ್, ಸ್ಪೇನ್ ಎಲ್ಲ ಅದರಲ್ಲಿವೆ ಎಂದೆ. ಎರಡು ಕಲ್ಲುಗಳ ಕೂಡು ಮುಚ್ಚುವಂತೆ ಮೇಲೊಂದು ಕಲ್ಲು ಕೂರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಅಲ್ಲಿನ ಮಕ್ಕಳು ಲಗೋರಿ ಆಡುವುದಿಲ್ಲವೇನೋ" ಎಂದರು.

ಚಕ್ಕೆ ವಾಪಸು ತರಲು ಅವರೇ ಹಲಸಿನ ಮರದ ಕಡೆ ಹೊರಟರು. "ಆಟ ಅರ್ಧದಲ್ಲಿದೆ ಅಜ್ಜಾ" ಎಂದು ಹುಡುಗರು ಅಡ್ಡ ನಿಂತರು. ಅಜ್ಜ ಚೆಂಡು ಇಸಿದುಕೊಂಡು, ಕಣ್ಣು ಕಿರಿದಾಗಿಸಿ ಎಸೆದರು. ಏಳೂ ಚಕ್ಕೆ ಚೆಲ್ಲಾಪಿಲ್ಲಿ! ತಕ್ಷಣ ಎರಡೂ ತಂಡಗಳಿಗೆ ಅವರೇ ಬೇಕಾದರು. ಮಧ್ಯಾಹ್ನದ ಊಟದವರೆಗೆ ಪಾಗಾರದ ಕೆಲಸ ನಿಂತಿತು. ಆ ಹೊತ್ತಿನ ಕೂಲಿಯನ್ನೂ ನಾನೇ ಕೊಟ್ಟೆ.